ಅಂಗಳಕ್ಕೆ ಬಂದ ಗೋಡೆ

ಪರೀಕ್ಷೆಗೆ ಮುನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ನೋಡದ ವಿದ್ಯಾರ್ಥಿ ಸಿಗುವುದು ಕಷ್ಟ. ಆದರೆ ಹೀಗೊಂದು ಪರೀಕ್ಷೆಯನ್ನು ಊಹಿಸಿಕೊಳ್ಳಿ. ಅದು ನಡೆಯುವುದು ವರ್ಷಕ್ಕೆ ಒಂದೋ ಎರಡೋ ಬಾರಿ. ಪ್ರಶ್ನೆಗಳು ಎಲ್ಲರ ಕಣ್ಣ ಮುಂದೆಯೇ ಇರುತ್ತವೆ, ಆದರೆ ಮುಟ್ಟಿ ನೋಡುವಂತಿಲ್ಲ. ಉತ್ತರಿಸಲು ಸಿಗುವುದು ಒಂದೇ ಅವಕಾಶ. ಕೈ ಜಾರಿದರೆ ಕೆಳಗಿನ ಕೆಸರು ನೀರಿಗೆ ಬೀಳಬೇಕು, ಮತ್ತೆ ಮುಂದಿನ ಸಲದವರೆಗೆ ಕಾಯಬೇಕು.

ಜಪಾನಿನ ‘ಸಾಸುಕೆ’ ಸ್ಪರ್ಧೆ ಇಂಥದೊಂದು ಪರೀಕ್ಷೆ. ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಇದು ‘ನಿಂಜಾ ವಾರಿಯರ್’ ಎಂದು ಪ್ರಸಿದ್ಧ. ಓಡುವುದು, ಜಿಗಿಯುವುದು, ನೇತಾಡುವುದು, ಹತ್ತುವುದು ಇಷ್ಟೇ ಇದರ ಒಟ್ಟು ಸಾರ. ಈ ಸ್ಪರ್ಧೆಯ ಅಡೆತಡೆಗಳನ್ನು ಟಿ.ವಿ.ಯಲ್ಲಿ ನೋಡಿ, ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಮನೆಯಂಗಳದಲ್ಲಿ ಮರ ಮತ್ತು ಕಬ್ಬಿಣದ ನಕಲು ಕಟ್ಟಿಕೊಂಡವರ ಕಥೆಯೊಂದಿದೆ. ಒಂದು ಮನರಂಜನಾ ಕಾರ್ಯಕ್ರಮ ಕ್ರೀಡೆಯಾಗಿ ಬೆಳೆದದ್ದರಲ್ಲಿ ಸ್ಟುಡಿಯೊದಷ್ಟೇ ಪಾಲು ಈ ಹಿತ್ತಿಲುಗಳಿಗೂ ಉಂಟು.

ನಗೆಯ ಕೋಟೆಯಿಂದ ಹೊರಬಂದ ಆಟ

ಇಪ್ಪತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟು ಬಂದು ಟಿ.ವಿ. ಮುಂದೆ ಕೂರುತ್ತಿದ್ದ ಮಕ್ಕಳಿಗೆ ಪೋಗೊ ವಾಹಿನಿಯ ‘ತಕೇಶೀಸ್ ಕ್ಯಾಸಲ್’ ನೆನಪಿರದೆ ಇರದು. ಜಾವೇದ್ ಜಾಫ್ರಿ ಅವರ ಹಿಂದಿ ವೀಕ್ಷಕ ವಿವರಣೆ, ಕಲ್ಲಿನಿಂದ ಕಲ್ಲಿಗೆ ಜಿಗಿಯಲು ಹೋಗಿ ದೊಪ್ಪನೆ ನೀರಿಗೆ ಬೀಳುವ ಜಪಾನೀಯರು! ಈ ಲೇಖಕನೂ ಆ ಮಕ್ಕಳಲ್ಲಿ ಒಬ್ಬ. ಟೋಕಿಯೊದ ಟಿ.ಬಿ.ಎಸ್. ದೂರದರ್ಶನ ಸಂಸ್ಥೆ 1986 ರಿಂದ 1990 ರವರೆಗೆ ತಯಾರಿಸಿದ ಆ ಕಾರ್ಯಕ್ರಮದಲ್ಲಿ ಬೀಳುವುದೇ ಮಜಾ. ಗೆಲ್ಲುವುದು ಅಪರೂಪ, ಗೆದ್ದವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ಅದೇ ಸಂಸ್ಥೆ 1997 ರಲ್ಲಿ ‘ಸಾಸುಕೆ’ಯನ್ನು ಆರಂಭಿಸಿತು. ಸಾರುತೋಬಿ ಸಾಸುಕೆ ಎಂಬ ಜಪಾನಿ ದಂತಕಥೆಯ ನಿಂಜಾ ವೀರನ ಹೆಸರು ಅದು. ಮೊದಲ ಸ್ಪರ್ಧೆಯ ನಂತರ ಅದು ಯೊಕೊಹಾಮಾದ ಮಿದೊರಿಯಾಮಾ ಸ್ಟುಡಿಯೊದ ಬಯಲಿಗೆ ಬಂತು. ತಕೇಶಿಯ ಕೋಟೆ ಇದ್ದದ್ದೂ ಅಲ್ಲಿಯೇ. ಆದರೆ ಆಟದ ಧಾಟಿಯೇ ಬೇರೆ. 100 ಮಂದಿ ಸ್ಪರ್ಧಿಗಳು, ನಾಲ್ಕು ಹಂತಗಳು. ಇಲ್ಲಿ ಸ್ಪರ್ಧಿಗಳು ಒಬ್ಬರನ್ನೊಬ್ಬರು ಸೋಲಿಸಬೇಕಿಲ್ಲ. ಎಲ್ಲರೂ ಸೇರಿ ಸೋಲಿಸಬೇಕಾದದ್ದು ಆ ಅಡೆತಡೆಗಳನ್ನು. ಒಬ್ಬರೂ ಕೊನೆ ಮುಟ್ಟದಿದ್ದರೆ ಆ ಸಲ ವಿಜೇತರೇ ಇಲ್ಲ.

1997 ರಿಂದ 2020 ರವರೆಗೆ ನಡೆದ 38 ಸ್ಪರ್ಧೆಗಳಲ್ಲಿ ನಾಲ್ಕೂ ಹಂತ ದಾಟಿದವರು ನಾಲ್ವರು ಮಾತ್ರ. ಹೊಕ್ಕೈಡೊದ ಏಡಿ ಮೀನುಗಾರ ಕಝುಹಿಕೊ ಅಕಿಯಾಮಾ 1999 ರಲ್ಲಿ, ಮತ್ತೊಬ್ಬ ಮೀನುಗಾರ ಮಕೊಟೊ ನಗಾನೊ 2006 ರಲ್ಲಿ ಗೆದ್ದರು. ಪಾದರಕ್ಷೆ ಮಾರಾಟದ ಕೆಲಸದಲ್ಲಿದ್ದ ಯೂಜಿ ಉರುಶಿಹಾರಾ 2010 ಮತ್ತು 2011 ರಲ್ಲಿ, ಯುಸುಕೆ ಮೊರಿಮೊಟೊ 2015 ಮತ್ತು 2020 ರಲ್ಲಿ ಗೆದ್ದರು. ಪಟ್ಟಿಯಲ್ಲಿ ಒಲಿಂಪಿಕ್ ಪದಕ ವಿಜೇತರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಈ ಸ್ಪರ್ಧೆಯ ಜನಪ್ರಿಯತೆಯ ಗುಟ್ಟು ಇರುವುದು ಇಲ್ಲಿಯೇ. ಪೆಟ್ರೋಲ್ ಬಂಕಿನ ನೌಕರ, ಅಗ್ನಿಶಾಮಕ ದಳದವ, ಹಡಗಿನ ನಾವಿಕ, ಯಾರು ಬೇಕಾದರೂ ಇಲ್ಲಿ ವೀರನಾಗಬಹುದು.

ಒಂದು ಅಡಿಯ ದೂರ

ಅಂಗಳದ ನಕಲಿನ ಕಥೆಯ ನಾಯಕ ಮಾತ್ರ ಈ ನಾಲ್ವರಲ್ಲಿ ಒಬ್ಬನಲ್ಲ. ಹ್ಯೋಗೊ ಪ್ರಾಂತ್ಯದ ಕತ್ಸುಮಿ ಯಮಾದಾ 1999 ರ ವಸಂತದಲ್ಲಿ ನಡೆದ ಮೂರನೇ ಸ್ಪರ್ಧೆಯಲ್ಲಿ ಕೊನೆಯ ಹಂತಕ್ಕೆ ಬಂದರು. 15 ಮೀಟರ್ ಎತ್ತರದ ಹಗ್ಗವನ್ನು 30 ಸೆಕೆಂಡುಗಳಲ್ಲಿ ಹತ್ತಬೇಕಿತ್ತು. ಗುರಿಗೆ ಇನ್ನು 30 ಸೆಂಟಿಮೀಟರ್, ಅಂದರೆ ಒಂದು ಅಡಿಯಷ್ಟು ಉಳಿದಿತ್ತು. ಸಮಯ ಮುಗಿದುಹೋಯಿತು.

ಆ ಒಂದು ಅಡಿ ಯಮಾದಾ ಅವರ ಬದುಕನ್ನೇ ಹಿಡಿದುಕೊಂಡಿತು. ತಮ್ಮ ಮನೆಯಲ್ಲಿ ಅವರು ಸ್ಪರ್ಧೆಯ ಅಡೆತಡೆಗಳ ಪ್ರತಿರೂಪಗಳನ್ನು ಕಟ್ಟಿಕೊಂಡು ಅಭ್ಯಾಸಕ್ಕಿಳಿದರು. ಟಿ.ವಿ. ಪ್ರೇಕ್ಷಕರು ಅವರನ್ನು ‘ಮಿಸ್ಟರ್ ಸಾಸುಕೆ’ ಎಂದೇ ಕರೆದರು. ಆದರೆ ಕೊನೆಯ ಹಂತದ ಆ ಹಗ್ಗ ಮತ್ತೆಂದೂ ಅವರ ಕೈಗೆ ಸಿಗಲಿಲ್ಲ.

ಇದಕ್ಕೊಂದು ಕಾರಣ ಸ್ಪರ್ಧೆಯ ರಚನೆಯಲ್ಲೇ ಇದೆ. ಯಾರಾದರೂ ನಾಲ್ಕೂ ಹಂತಗಳನ್ನು ದಾಟಿದರೆಂದರೆ ಸಂಘಟಕರು ಪರೀಕ್ಷೆಯನ್ನೇ ಬದಲಿಸುತ್ತಾರೆ. ಅಕಿಯಾಮಾ ಗೆದ್ದ ಮರುವರ್ಷವೇ, 2000 ದಲ್ಲಿ, ಮೇಲ್ತುದಿ ನಮ್ಮತ್ತಲೇ ಬಾಗಿ ಬರುವ ‘ಬಾಗುಗೋಡೆ’ ಬಂತು. ನಗಾನೊ ಗೆದ್ದ ಮರುವರ್ಷ ‘ಸಾಲ್ಮನ್ ಏಣಿ’ ಬಂತು. ಉರುಶಿಹಾರಾ ಎರಡನೇ ಸಲ ಗೆದ್ದ ಮರುವರ್ಷ, ಬೆರಳ ತುದಿಯಲ್ಲಿ ನೇತಾಡುತ್ತ ದಾಟುವ ‘ಕ್ಲಿಫ್‌ಹ್ಯಾಂಗರ್’ ಇನ್ನಷ್ಟು ಕ್ರೂರವಾಯಿತು. ಒಂದು ಗೋಡೆಯಿಂದ ಹಿಂದಕ್ಕೆ ತಿರುಗಿ ಎದುರು ಗೋಡೆಯ ಅಂಚಿಗೆ ನೆಗೆಯಬೇಕೆಂದಾಯಿತು. ಹೀಗಾಗಿ ಅಂಗಳದ ನಕಲೂ ಕಾಯಂ ಅಲ್ಲ. ಕಷ್ಟಪಟ್ಟು ಕಟ್ಟಿದ್ದನ್ನು ಬಿಚ್ಚಿ, ಮರುವರ್ಷ ಹೊಸದನ್ನು ಕಟ್ಟಬೇಕು.

ಕಟ್ಟುವುದೆಂದರೆ ಅರಿಯುವುದು

ಟಿ.ವಿ. ಪರದೆಯ ಮೇಲೆ ಕಂಡದ್ದನ್ನು ಮನೆಯಲ್ಲಿ ಕಟ್ಟುವುದು ಹೇಗೆ? ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಬಾಗುಗೋಡೆ. ಬುಡದಲ್ಲಿ ಇಳಿಜಾರಿನಂತಿದ್ದು, ಮೇಲೇರಿದಂತೆ ಕಡಿದಾಗಿ, ತುದಿಯಲ್ಲಿ ನೆಟ್ಟಗೆ ನಿಂತೂ ಮುಂದಕ್ಕೆ ಬಾಗುವ ಈ ಗೋಡೆಯ ಎತ್ತರ 4 ಮೀಟರಿಗೂ ಹೆಚ್ಚು. ಕೆಲವೇ ಹೆಜ್ಜೆ ಓಡಿ ಬಂದು, ಗೋಡೆಯ ಮೇಲೂ ಓಡಿ, ಮೇಲಂಚನ್ನು ಹಿಡಿಯಬೇಕು. ಕಟ್ಟುವವನು ಮೊದಲು ನೆಲದ ಮೇಲೆ ಹಗ್ಗ ಮತ್ತು ಗೂಟದಿಂದ ದೊಡ್ಡ ವೃತ್ತದ ಒಂದು ಭಾಗವನ್ನು ಬರೆದುಕೊಳ್ಳುತ್ತಾನೆ. ಅದೇ ಬಾಗಿನಲ್ಲಿ ಪಕ್ಕೆಲುಬುಗಳಂತೆ ಹಲಗೆಗಳನ್ನು ಕತ್ತರಿಸಿ ಸಾಲಾಗಿ ನಿಲ್ಲಿಸುತ್ತಾನೆ. ದಪ್ಪ ಪ್ಲೈವುಡ್ ಬಾಗುವುದಿಲ್ಲ, ತೆಳುವಾದದ್ದು ಭಾರ ತಡೆಯುವುದಿಲ್ಲ. ಆದ್ದರಿಂದ ತೆಳು ಹಾಳೆಗಳನ್ನೇ ಒಂದರ ಮೇಲೊಂದು ಬಗ್ಗಿಸಿ ಸ್ಕ್ರೂ ಹೊಡೆಯುತ್ತಾರೆ. ಇಷ್ಟಾದ ಮೇಲೆ ಮೊದಲ ಸಲ ಓಡಿ ಜಾರಿ ಬಿದ್ದಾಗ ಅವನಿಗೊಂದು ಸತ್ಯ ಹೊಳೆಯುತ್ತದೆ: ಗೆಲ್ಲುವುದು ವೇಗವಲ್ಲ, ಪಾದವನ್ನು ಎಲ್ಲಿ ಇಡಬೇಕೆಂಬ ಲೆಕ್ಕ. ದೇಹವನ್ನು ಗೋಡೆಗೆ ತೀರಾ ಒರಗಿಸಿದರೆ ಕಾಲು ಹಿಡಿತ ತಪ್ಪುತ್ತದೆ.

ಎರಡನೆಯದು ಸಾಲ್ಮನ್ ಏಣಿ. ಅಣೆಕಟ್ಟುಗಳನ್ನು ದಾಟಿ ಹೊಳೆಯ ಮೇಲ್ಭಾಗಕ್ಕೆ ಹೋಗಲು ಸಾಲ್ಮನ್ ಮೀನುಗಳಿಗಾಗಿ ಕಟ್ಟುವ ಮೆಟ್ಟಿಲುಗಳ ಹೆಸರಿದು. ಇಲ್ಲಿ ಎರಡು ಕಂಬಗಳ ಮೇಲೆ ಜೋಡಿ ಜೋಡಿಯಾಗಿ ಓರೆ ಕೊಕ್ಕೆಗಳಿರುತ್ತವೆ. ನಡುವೆ ಸಡಿಲವಾಗಿ ಕುಳಿತ ಒಂದು ಸರಳು. ಆ ಸರಳಿಗೆ ಜೋತುಬಿದ್ದು, ದೇಹವನ್ನು ಜಗ್ಗಿ ಮೇಲಕ್ಕೆ ಚಿಮ್ಮಿ, ಸರಳನ್ನು ತನ್ನೊಂದಿಗೇ ಎತ್ತಿ ಮೇಲಿನ ಕೊಕ್ಕೆಗೆ ಸಿಕ್ಕಿಸಬೇಕು. ಅಮೆರಿಕದ ‘ಆ್ಯರೋ’ ಟಿ.ವಿ. ಧಾರಾವಾಹಿಯ ನಾಯಕ 2012 ರಲ್ಲಿ ಇದನ್ನು ಏರಿದ ಮೇಲಂತೂ ಈ ಏಣಿ ಸಾಸುಕೆ ನೋಡದವರಿಗೂ ಪರಿಚಯವಾಯಿತು. ನೋಡಲು ಸರಳ. ಆದರೆ ಎರಡು ಕಂಬಗಳು ರಸಮಟ್ಟ ಇಟ್ಟು ನೋಡಿದಷ್ಟು ಕರಾರುವಾಕ್ಕಾಗಿ ನಿಲ್ಲದಿದ್ದರೆ ಸರಳಿನ ಒಂದು ತುದಿ ಕೊಕ್ಕೆಗೆ ಸಿಕ್ಕಿ ಇನ್ನೊಂದು ತುದಿ ತಪ್ಪುತ್ತದೆ. ಆಡುವವನ ತಪ್ಪು ಯಾವುದು, ಬಡಗಿಯ ತಪ್ಪು ಯಾವುದು ಎಂದು ಹೇಳುವುದೇ ಕಷ್ಟ. ಅಂಗಳದಲ್ಲಿ ಇಬ್ಬರೂ ಒಬ್ಬನೇ ತಾನೆ!

ಮೂರನೆಯದು ಕ್ಲಿಫ್‌ಹ್ಯಾಂಗರ್. ಕಟ್ಟಲು ಅತ್ಯಂತ ಅಗ್ಗ, ದಾಟಲು ಅತ್ಯಂತ ಕಠಿಣ. ಗಟ್ಟಿ ಚೌಕಟ್ಟಿಗೆ ಹಲಗೆ ಬಡಿದು, ಅದರ ಮೇಲೆ ಬೆರಳ ಗೆಣ್ಣುಗಳಷ್ಟೇ ಹಿಡಿಯುವ ಮರದ ಪಟ್ಟಿಯನ್ನು ಅಡ್ಡಲಾಗಿ ಕೂರಿಸಿದರೆ ಆಯಿತು. ಅಂಚನ್ನು ಉಜ್ಜಿ ನುಣುಪು ಮಾಡದಿದ್ದರೆ ಚರ್ಮ ಕಿತ್ತು ಬರುತ್ತದೆ, ಹೆಚ್ಚು ನುಣುಪಾದರೆ ಕೈ ನಿಲ್ಲುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. 60 ಕಿಲೊ ತೂಕದ ವ್ಯಕ್ತಿ ಸುಮ್ಮನೆ ನೇತಾಡಿದರೆ ಚೌಕಟ್ಟಿನ ಮೇಲೆ ಬೀಳುವ ಭಾರ 60 ಕಿಲೊ. ಅವನೇ 60 ಡಿಗ್ರಿ ಕೋನದಿಂದ ಉಯ್ಯಾಲೆಯಂತೆ ಜೀಕಿ ಬಂದರೆ ತಳದ ಬಿಂದುವಿನಲ್ಲಿ ಆ ಭಾರ ದುಪ್ಪಟ್ಟು, 120 ಕಿಲೊ. ಪೂರ್ತಿ ಅಡ್ಡ ಮಟ್ಟದಿಂದ ಜೀಕಿದರೆ ಮೂರು ಪಟ್ಟು. ಅಂಗಳದ ಚೌಕಟ್ಟುಗಳು ಕುಸಿಯುವುದಕ್ಕೆ ಬಹುಪಾಲು ಕಾರಣ ನಿಂತ ಭಾರದ ಲೆಕ್ಕ ಹಾಕಿ ಜೀಕುವ ಭಾರವನ್ನು ಮರೆಯುವುದು. ಬೆರಳುಗಳದ್ದೂ ಇದೇ ಕಥೆ. ಸ್ನಾಯು ಬೇಗ ಬಲಗೊಳ್ಳುತ್ತದೆ, ಬೆರಳ ನರಕಟ್ಟುಗಳು ಬಲಗೊಳ್ಳಲು ಬಹಳ ಕಾಲ ಬೇಕು. ಬೆಳೆಯುವ ವಯಸ್ಸಿನ ಮಕ್ಕಳು ಬೆರಳ ತುದಿಯಲ್ಲಿ ನೇತಾಡುವ ಅಭ್ಯಾಸವನ್ನು ತರಬೇತುದಾರರಿಲ್ಲದೆ ಮಾಡುವುದು ಅಪಾಯಕರ.

ಬಂಡೆ ಹತ್ತುವವರ ಹಳೆಯ ವಿದ್ಯೆ

ಹತ್ತಬೇಕಾದ ವಸ್ತುವಿನ ನಕಲನ್ನು ಮನೆಗೆ ತರುವ ಈ ವಿದ್ಯೆ ಸಾಸುಕೆಯಿಂದಲೇ ಹುಟ್ಟಿದ್ದಲ್ಲ. ಬಂಡೆ ಏರುವವರಲ್ಲಿ ಇದಕ್ಕೆ ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಡಾನ್ ರಾಬಿನ್ಸನ್ 1964 ರಲ್ಲಿ ಅಲ್ಲಿನ ಓಣಿಯೊಂದರ ಗೋಡೆಗೆ ಕಲ್ಲಿನ ತುಣುಕುಗಳನ್ನು ಕೂರಿಸಿ ಹತ್ತುವ ಗೋಡೆ ಮಾಡಿದರು. ಮಳೆ ಮತ್ತು ಚಳಿಯ ನಾಡಿನಲ್ಲಿ ವರ್ಷವಿಡೀ ಅಭ್ಯಾಸ ಮಾಡಲು ಅದೊಂದು ಉಪಾಯ.

ಜರ್ಮನಿಯ ವುಲ್ಫ್‌ಗಾಂಗ್ ಗುಲ್ಲಿಶ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1988 ರಲ್ಲಿ ನ್ಯೂರೆಂಬರ್ಗಿನ ‘ಕ್ಯಾಂಪಸ್’ ಎಂಬ ವ್ಯಾಯಾಮಶಾಲೆಯಲ್ಲಿ ಅವರು ಓರೆ ಹಲಗೆಯ ಮೇಲೆ ಮರದ ಪಟ್ಟಿಗಳನ್ನು ಏಣಿಯಂತೆ ಬಡಿದು, ಕಾಲು ಬಳಸದೆ ಬೆರಳಿನಿಂದಲೇ ಹತ್ತುತ್ತಿದ್ದರು. ಬಂಡೆಯ ರೂಪವನ್ನು ಬಿಟ್ಟು ಅದು ಬೇಡುವ ಶಕ್ತಿಯನ್ನಷ್ಟೇ ನಕಲು ಮಾಡುವುದು ಅವರ ಉಪಾಯವಾಗಿತ್ತು. 1991 ರಲ್ಲಿ ಅವರು ಏರಿದ ‘ಆಕ್ಷನ್ ಡಿರೆಕ್ಟ್’ ಎಂಬ ಬಂಡೆಮಾರ್ಗ ಆಗಿನ ಕಾಲಕ್ಕೆ ಜಗತ್ತಿನ ಅತಿ ಕಠಿಣ ಮಾರ್ಗ. ಮರುವರ್ಷ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆ ಹಲಗೆ ಮಾತ್ರ ‘ಕ್ಯಾಂಪಸ್ ಬೋರ್ಡ್’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಉಳಿಯಿತು.

ನಕಲಿನ ವಿದ್ಯೆ ಈಗ ಎಲ್ಲಿಗೆ ತಲುಪಿದೆ ಎಂಬುದಕ್ಕೆ ಫಿನ್ಲೆಂಡಿನ ಲ್ಯಾಪ್‌ನೋರ್‌ನಲ್ಲಿರುವ ‘ಬರ್ಡನ್ ಆಫ್ ಡ್ರೀಮ್ಸ್’ ಎಂಬ ಬಂಡೆ ಸಾಕ್ಷಿ. ನಾಲೆ ಹುಕ್ಕತೈವಲ್ ಹಲವು ವರ್ಷಗಳ ಯತ್ನದ ನಂತರ 2016 ರಲ್ಲಿ ಅದನ್ನು ಮೊದಲ ಬಾರಿಗೆ ಏರಿದರು. ಆಮೇಲೆ ವರ್ಷಗಳವರೆಗೆ ಬೇರೆ ಯಾರಿಗೂ ಅದು ದಕ್ಕಲಿಲ್ಲ. ಅಷ್ಟರಲ್ಲಿ ಬಂಡೆಯ ಹಿಡಿಕೆಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವುಗಳ ತದ್ರೂಪು ಅಚ್ಚುಗಳನ್ನು ಮಾಡಲಾಯಿತು. ಸ್ಕಾಟ್ಲೆಂಡಿನ ವಿಲ್ ಬೋಸಿ ಆ ತದ್ರೂಪಿನ ಮೇಲೆ ಅಭ್ಯಾಸ ಮಾಡಿ, 2023 ರ ಏಪ್ರಿಲ್‌ನಲ್ಲಿ ಫಿನ್ಲೆಂಡಿಗೆ ಹೋಗಿ ನಿಜ ಬಂಡೆಯನ್ನು ಏರಿದರು. ಎರಡನೇ ಆರೋಹಣಕ್ಕೆ ಏಳು ವರ್ಷ ಹಿಡಿದಿತ್ತು.

ಹಾಗಿದ್ದರೆ ಇದು ಪೂರ್ತಿ ಗೆಲುವೇ? ಮೊದಲು ಏರಿದವನಿಗೆ ಆ ಮಾರ್ಗ ಸಾಧ್ಯವೆಂಬುದೇ ಗೊತ್ತಿರಲಿಲ್ಲ. ಎರಡನೆಯವನಿಗೆ ಸಾಧ್ಯವೆಂಬ ಅರಿವೂ ಇತ್ತು, ಮನೆಯ ಬಳಿ ತದ್ರೂಪವೂ ಇತ್ತು. ಆದರೂ ಬೆರಳ ಬಲವನ್ನು ಯಾವ ಯಂತ್ರವೂ ಅಚ್ಚು ಮಾಡಿ ಕೊಡಲಿಲ್ಲ. ನಕಲು ಕೊಡುವುದು ಯತ್ನಿಸುವ ಅವಕಾಶವನ್ನು ಮಾತ್ರ. ಆ ಅವಕಾಶ ಮೊದಲು ಬಂಡೆಯ ಪಕ್ಕದಲ್ಲಿ ವಾಸವಿದ್ದವನಿಗೆ ಅಥವಾ ಪದೇ ಪದೇ ವಿಮಾನದ ಟಿಕೇಟು ಕೊಳ್ಳಬಲ್ಲವನಿಗೆ ಮಾತ್ರ ಇತ್ತು.

ಕಡಲಾಚೆಯ ಹಿತ್ತಿಲುಗಳು

ಸಾಸುಕೆಯ ವಿಷಯದಲ್ಲೂ ಆದದ್ದು ಇದೇ. 2006 ರಲ್ಲಿ ಅಮೆರಿಕದ ಜಿ-4 ವಾಹಿನಿ ಜಪಾನಿನ ಸ್ಪರ್ಧೆಯನ್ನು ಅಲ್ಲಿನ ಮನೆಗಳಿಗೆ ತಲುಪಿಸಿತು. ಕ್ಯಾಲಿಫೋರ್ನಿಯಾದ ಡೇವಿಡ್ ಕ್ಯಾಂಪ್‌ಬೆಲ್ ಅವರಂಥ ಅಭಿಮಾನಿಗಳು ಹಿತ್ತಿಲಿನಲ್ಲಿ ಅಡೆತಡೆಗಳನ್ನು ಕಟ್ಟತೊಡಗಿದರು. 2009 ರಲ್ಲಿ ‘ಅಮೆರಿಕನ್ ನಿಂಜಾ ವಾರಿಯರ್’ ಶುರುವಾಯಿತು. ಆರಂಭದಲ್ಲಿ ಅಲ್ಲಿ ಆಯ್ಕೆಯಾದವರನ್ನು ಜಪಾನಿಗೇ ಕಳಿಸುತ್ತಿದ್ದರು. 2012 ರಿಂದ ಲಾಸ್ ವೇಗಸ್‌ನಲ್ಲೇ ಅಂತಿಮ ಸ್ಪರ್ಧೆ ನಡೆಯಿತು. ಹಿತ್ತಿಲಿನ ಚೌಕಟ್ಟುಗಳು ಮೆಲ್ಲಗೆ ವ್ಯಾಯಾಮಶಾಲೆಗಳಾದವು.

2014 ರಲ್ಲಿ ಡಲ್ಲಾಸ್‌ನಲ್ಲಿ, ಐದು ಅಡಿ ಎತ್ತರದ ಜಿಮ್ನಾಸ್ಟ್ ಕೇಸಿ ಕ್ಯಾಟಂಜಾರೊ ಆ ಸ್ಪರ್ಧೆಯ ಬಾಗುಗೋಡೆಯನ್ನು ಏರಿದ ಮೊದಲ ಮಹಿಳೆಯಾದರು. ತನ್ನ ಎತ್ತರದ ಮೂರು ಪಟ್ಟಿಗೆ ತುಸುವೇ ಕಡಿಮೆಯಿದ್ದ ಗೋಡೆ ಅದು! ಮರುವರ್ಷ ಲಾಸ್ ವೇಗಸ್‌ನಲ್ಲಿ ಇಬ್ಬರು ಕೊನೆಯ ಹಗ್ಗದ ತುದಿ ಮುಟ್ಟಿದರು. ಜೆಫ್ ಬ್ರಿಟನ್ 29.65 ಸೆಕೆಂಡುಗಳಲ್ಲಿ, ಐಸಾಕ್ ಕಾಲ್ಡಿಯೆರೊ 26.14 ಸೆಕೆಂಡುಗಳಲ್ಲಿ. ಹತ್ತು ಲಕ್ಷ ಡಾಲರ್ ಬಹುಮಾನ ಸಿಕ್ಕಿದ್ದು ಕಾಲ್ಡಿಯೆರೊಗೆ. ಅವರು ಬಂಡೆ ಏರುವ ಹವ್ಯಾಸಿ, ಹಿಂದೆ ಹೋಟೆಲಿನಲ್ಲಿ ತಟ್ಟೆಲೋಟ ಎತ್ತುವ ಕೆಲಸ ಮಾಡಿದವರು.

ಜಪಾನಿನಲ್ಲೂ ಅದೇ 2015 ರಲ್ಲಿ ಹೊಸ ತಲೆಮಾರಿನವರೊಬ್ಬರು ಗೆದ್ದರು. ಮೊರಿಮೊಟೊ ಬಾಲ್ಯದಿಂದ ಸಾಸುಕೆ ನೋಡುತ್ತ ಬೆಳೆದು, 15 ರ ಹರೆಯದಲ್ಲಿ ಮೊದಲ ಸಲ ಕಣಕ್ಕಿಳಿದವರು. ಹಿರಿಯರು ಬಲ ನಂಬಿ ಬಂದವರು. ಇವರು ಅಡೆತಡೆಗಳನ್ನು ಪಾಠದಂತೆ ಓದಿಕೊಂಡು ಬಂದವರು.

ಮೂಲವಿಲ್ಲದ ನಕಲು

ಕಥೆ ಇಲ್ಲಿಗೆ ಮುಗಿಯಲಿಲ್ಲ. 2021 ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಆಧುನಿಕ ಪೆಂಟಾಥ್ಲಾನ್‌ನಲ್ಲಿ ‘ಸೇಂಟ್ ಬಾಯ್’ ಎಂಬ ಕುದುರೆ ಜಿಗಿಯಲು ಒಪ್ಪದೆ ನಿಂತಿತು. ಮುಂಚೂಣಿಯಲ್ಲಿದ್ದ ಜರ್ಮನಿಯ ಸ್ಪರ್ಧಿ ಪದಕ ಕಳೆದುಕೊಂಡರು, ಕುದುರೆಗೆ ಗುದ್ದಿದ ತರಬೇತುದಾರರನ್ನು ಹೊರಹಾಕಲಾಯಿತು. ಈ ವಿವಾದದ ನಂತರ ಕುದುರೆ ಸವಾರಿಯನ್ನು ಕೈಬಿಡಲು ನಿರ್ಧರಿಸಲಾಯಿತು. 2028 ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದರ ಜಾಗಕ್ಕೆ ಆಯ್ಕೆಯಾದದ್ದು ಸಾಸುಕೆ ಮಾದರಿಯ ಅಡೆತಡೆ ಓಟ. ಟಿ.ವಿ. ಸ್ಟುಡಿಯೊದ ಆಟವೊಂದು ಹಿತ್ತಿಲುಗಳನ್ನು ಹಾದು ಒಲಿಂಪಿಕ್ ಅಂಗಳಕ್ಕೆ ಬರುವ ಕಾಲ ಇದು.

ಆದರೆ ಒಂದು ವ್ಯತ್ಯಾಸವಿದೆ. ಒಲಿಂಪಿಕ್ ಕ್ರೀಡೆಗೆ ಗುಟ್ಟಿನ ಪರೀಕ್ಷೆ ಒಗ್ಗದು. ಅಳತೆಗಳು ನಿಯಮಪುಸ್ತಕದಲ್ಲಿರಬೇಕು, ಎಲ್ಲ ದೇಶದವರೂ ಅದರಂತೆ ಕಟ್ಟಿಕೊಂಡು ಅಭ್ಯಾಸ ಮಾಡುವಂತಿರಬೇಕು. ಇದಕ್ಕೊಂದು ಮಾದರಿ ಈಗಾಗಲೇ ಇದೆ. ಸ್ಪೋರ್ಟ್ ಕ್ಲೈಂಬಿಂಗ್‌ನ ವೇಗದ ವಿಭಾಗದಲ್ಲಿ ಗೋಡೆಯ ಎತ್ತರ ಎಲ್ಲೆಡೆಯೂ 15 ಮೀಟರ್. ಹಿಡಿಕೆಗಳ ಆಕಾರ, ಜಾಗ, ಓರೆ ಎಲ್ಲವೂ ಒಂದೇ. 2024 ರಲ್ಲಿ ಪ್ಯಾರಿಸ್‌ನಲ್ಲಿ ಇಂಡೊನೇಷ್ಯದ ವೆದ್ರಿಕ್ ಲಿಯೊನಾರ್ಡೊ ಅದನ್ನು 4.75 ಸೆಕೆಂಡುಗಳಲ್ಲಿ ಏರಿ ಚಿನ್ನ ಗೆದ್ದರು. ಅವರು ಏರಿದ ಪ್ಯಾರಿಸ್ ಗೋಡೆಯೂ ನಕಲೇ, ಅವರು ತಮ್ಮ ದೇಶದಲ್ಲಿ ಅಭ್ಯಾಸ ಮಾಡಿದ ಗೋಡೆಯೂ ನಕಲೇ. ಮೂಲವೆಂಬುದು ಎಲ್ಲಿಯೂ ಇಲ್ಲ.

ಹೀಗೆ, ಕದ್ದು ನೋಡಿ ಕಟ್ಟಿದಂತಿದ್ದ ನಕಲೇ ಈಗ ಕ್ರೀಡೆಯ ನಿಯಮವಾಗಿದೆ. ಹಾಗೆಂದು ಎಲ್ಲವೂ ಸಮಾನವಾಯಿತೆಂದು ಹೇಳಲಾಗದು. ಮರ, ಕಬ್ಬಿಣ, ಜಾಗ ಇವೆಲ್ಲಕ್ಕೂ ಹಣ ಬೇಕು. ಆದರೆ ಪರೀಕ್ಷೆ ನಡೆಸುವವರ ಕೈಯಲ್ಲಿ ಮಾತ್ರ ಇದ್ದ ಪ್ರಶ್ನೆಪತ್ರಿಕೆ ಈಗ ಎಲ್ಲರ ಕೈಗೂ ಸಿಗುತ್ತದೆ. ಅದು ಸಣ್ಣ ಬದಲಾವಣೆಯಲ್ಲ.

ಒಂದು ಅಡಿಯ ದೂರದಲ್ಲಿ ನಿಂತುಹೋದ ಯಮಾದಾ ಅವರ ಮಾತಿಗೆ ಮರಳೋಣ. ಅವರ ಗರಡಿಗೆ ಆಮೇಲೆ ಹೊಸ ಹುಡುಗರು ಬಂದರು. ‘ಕುರೊತೊರಾ’, ಅಂದರೆ ‘ಕಪ್ಪು ಹುಲಿ’ ಎಂಬ ಹೆಸರಿನಲ್ಲಿ ಅವರದೊಂದು ತಂಡವಾಯಿತು. ಗುರು ಎಂದೂ ಗೆಲ್ಲಲಾಗದ ಸ್ಪರ್ಧೆಗೆ ಶಿಷ್ಯರು ತಯಾರಾದರು. ಒಬ್ಬನ ಹಠಕ್ಕಾಗಿ ಕಟ್ಟಿದ ಚೌಕಟ್ಟುಗಳು ಹತ್ತಾರು ಜನರ ಪಾಠಶಾಲೆಯಾದವು. ಹಗ್ಗದ ಆ ಕೊನೆಯ ಒಂದು ಅಡಿಯನ್ನು ಯಮಾದಾ ಹತ್ತಲಿಲ್ಲ ನಿಜ. ಆದರೆ ಅದನ್ನು ಹತ್ತಲು ಬೇಕಾದ ಏಣಿಯನ್ನು ತಮ್ಮ ಅಂಗಳದಲ್ಲಿ ಬೇರೆಯವರಿಗಾಗಿ ನಿಲ್ಲಿಸಿದರು.